ಗ್ರಹಪದವಿ ನಿರ್ಣಯ: ಜಾವಗಲ್ ಸಿದ್ಧಾಂತ

ಪೂರ್ವಪಕ್ಷ: 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ 400 ಚಿಲ್ಲರೆ ಸದಸ್ಯರು ಹಳದಿ ಕಾರ್ಡು ಎತ್ತಿ, 1930ರಿಂದ ಗ್ರಹವಾಗಿದ್ದ ಪ್ಲೂಟೊವನ್ನು ಪದಚ್ಯುತಗೊಳಿಸಿದರು. ಅವರ ಮತದಲ್ಲಿ ಗ್ರಹಲಕ್ಷಣ ಮೂರು: ಸೂರ್ಯನನ್ನು ಸುತ್ತಬೇಕು, ಸ್ವಂತ ಭಾರಕ್ಕೆ ಉಂಡೆಯಾಗಿರಬೇಕು, ತನ್ನ ಹಾದಿಯ ಒತ್ತುವರಿ ತೆರವು ಮಾಡಿರಬೇಕು. ಪ್ಲೂಟೊ ಮೂರನೆಯದರಲ್ಲಿ ಫೇಲು. 248 ವರ್ಷಕ್ಕೊಂದು ಸುತ್ತು ಹಾಕುವ ಅದು, ಪದವಿ ಸಿಕ್ಕಮೇಲೆ ಮೂರನೇ ಒಂದು ಪಾಲು ದಾರಿಯನ್ನೂ ಸವೆಸಿರಲಿಲ್ಲ.

ಆಕ್ಷೇಪ: ಗೋಮಾಳ, ಕೆರೆಯಂಗಳಗಳ ಗತಿ ಬಲ್ಲವರು ಒತ್ತುವರಿ ತೆರವನ್ನು ಅರ್ಹತೆಯ ಪಟ್ಟಿಗೆ ಸೇರಿಸುವುದಿಲ್ಲ. ಸೇರಿಸಿದರೆ ಪಂಚಾಯಿತಿ ಚುನಾವಣೆಗೂ ಅಭ್ಯರ್ಥಿ ಸಿಗಲಾರ. ಇನ್ನು ‘ಕುಬ್ಜಗ್ರಹ, ಆದರೆ ಗ್ರಹವಲ್ಲ’ ಎಂಬ ವಾದ. ವಾಮನ ಕುಳ್ಳನೆಂದು ಅವತಾರಗಳ ಪಟ್ಟಿಯಿಂದ ಅವನನ್ನು ತೆಗೆದವರುಂಟೆ? ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನೇ ನೋಡಿ. 1250ರ ಸುಮಾರಿಗೆ ಹೊಯ್ಸಳರು ಕಟ್ಟಿದ ತ್ರಿಕೂಟ. ಗರ್ಭಗುಡಿ ಮೂರು, ಶಿಖರ ನಡುವಿನದಕ್ಕೆ ಮಾತ್ರ. ಹಾಗೆಂದು ಉಳಿದಿಬ್ಬರಿಗೆ ಮಂಗಳಾರತಿ ತಪ್ಪಿಲ್ಲ.

ಪ್ರತ್ಯಕ್ಷ ಪ್ರಮಾಣ: ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣದ ಬಳಿ ಹೊಸ ಟ್ರ್ಯಾಕ್ಟರು ನಿಂತಿದೆ. ಬಾನೆಟ್ಟಿಗೆ ಸೇವಂತಿಗೆ ಹಾರ, ನಾಲ್ಕೂ ಚಕ್ರದಡಿ ನಿಂಬೆಹಣ್ಣು, ಮಾಲೀಕರ ಕೈಯಲ್ಲಿ ಮೊಬೈಲು.

‘ಅಣ್ಣಾ, ಸ್ಟಾರ್ಟ್ ಮಾಡ್ಲಾ?’

‘ತಡಿಯೋ, ಒಂಬತ್ತಾಗಕ್ಕೆ ಇನ್ನೂ ಐದು ನಿಮಿಷ ಐತೆ.’

ತಡೆದು ನಿಲ್ಲಿಸಿದವನು ರಾಹು. ಅವನಿಗೆ ಮೈಯಿಲ್ಲ, ಚಂದ್ರನ ಹಾದಿ ಸೂರ್ಯನ ಹಾದಿಯನ್ನು ಕತ್ತರಿಸುವ ಬರೀ ಬಿಂದು. ವಾರದಲ್ಲಿ ಅವನ ಹೆಸರಿಗೊಂದು ದಿನವಿಲ್ಲ. ಆ ಸೇಡಿಗೋ ಏನೋ, ಏಳು ದಿನಗಳಿಂದಲೂ ಒಂದೂವರೆ ಗಂಟೆ ಕಿತ್ತುಕೊಂಡಿದ್ದಾನೆ. ಪ್ರಾಗ್‌ನ ಮೂರು ಪರೀಕ್ಷೆಯಲ್ಲೂ ಸೊನ್ನೆ ಪಡೆಯುವ ಈತನ ಗ್ರಹತ್ವವನ್ನು ಪ್ರಶ್ನಿಸುವ ಧೈರ್ಯ ಟ್ರ್ಯಾಕ್ಟರು ಸಾಲ ಮಾಡಿದವರಿಗಂತೂ ಇಲ್ಲ.

ಸಿದ್ಧಾಂತ: ಆದ್ದರಿಂದ, ಕಾಟ ಕೊಡಬಲ್ಲದ್ದೇ ಗ್ರಹ. ಈ ಲಕ್ಷಣದಿಂದ ಸೂರ್ಯ, ಚಂದ್ರ, ರಾಹು, ಕೇತು ಒಳಗೆ; ಭೂಮಿ, ಯುರೇನಸ್, ನೆಪ್ಚೂನ್ ಹೊರಗೆ. ಭೂಮಿಯಿಂದಲೂ ಕಾಟವುಂಟು ಎಂಬ ಶಂಕೆ ಬರಬಹುದು. ಅದು ಪಾಲುದಾರರ ಕಾಟ, ಕೋರ್ಟಿಗೆ ಸೇರಿದ್ದು. ಪ್ರಾಗ್ ಮತ್ತು ಜಾವಗಲ್ ಒಮ್ಮತದಿಂದ ಒಪ್ಪುವುದು ಐದನ್ನೇ: ಬುಧ, ಶುಕ್ರ, ಮಂಗಳ, ಗುರು, ಶನಿ.

ಉಪಸಿದ್ಧಾಂತ: ಗ್ರಹಕ್ಕೊಂದು ಧಾನ್ಯವೂ ಬೇಕು. ಸೂರ್ಯನಿಗೆ ಗೋಧಿ, ಚಂದ್ರನಿಗೆ ಭತ್ತ, ಶನಿಗೆ ಎಳ್ಳು, ರಾಹುವಿಗೆ ಉದ್ದು, ಕೇತುವಿಗೆ ಹುರುಳಿ. ತೊಗರಿ, ಹೆಸರು, ಕಡಲೆ, ಅವರೆಗಳೂ ಹಂಚಿಹೋಗಿವೆ. ಅರಸೀಕೆರೆ ಸೀಮೆಯ ಹೊಟ್ಟೆ ತುಂಬಿಸುವ ರಾಗಿ ಮಾತ್ರ ನವಧಾನ್ಯದಲ್ಲಿಲ್ಲ.

ಫಲಶ್ರುತಿ: ಅಮೆರಿಕದ ನ್ಯೂ ಮೆಕ್ಸಿಕೊ ಶಾಸನಸಭೆಯವರು 2007ರಲ್ಲಿ ಪ್ಲೂಟೊ ಗ್ರಹವೇ ಎಂದು ನಿರ್ಣಯ ಮಾಡಿದರು. ಪ್ರಯೋಜನವಾಗಲಿಲ್ಲ. ಪದವಿ ಬೇಕಿದ್ದರೆ ಪ್ಲೂಟೊ ನಮ್ಮ ಕಡೆ ಒಂದು ಮದುವೆ ತಪ್ಪಿಸಲಿ, ಒಂದು ಬೋರ್‌ವೆಲ್ ಒಣಗಿಸಲಿ. ಮಾರನೆಯ ದಿನವೇ ಶಾಂತಿಹೋಮಕ್ಕೆ ಚೀಟಿ ಬರೆಸುತ್ತೇವೆ. ರಾಗಿ ನಮ್ಮದು, ದಕ್ಷಿಣೆಯ ಮಾತು ಆಮೇಲೆ.