ಹಿಂಬದಿ ನೋಡುವವರು ಬೇಕಾಗಿದ್ದಾರೆ

ಮೈಸೂರಿಗೆ ಬಂದ ಹೊಸತರಲ್ಲೇ ಒಂದು ವಿಷಯ ಅರ್ಥವಾಯಿತು. ಇಲ್ಲಿ ಊರಿನ ಹೆಸರು ಹೊತ್ತುಕೊಳ್ಳದ ಯಾವ ವಸ್ತುವಿಗೂ ಮರ್ಯಾದೆಯಿಲ್ಲ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಮೈಸೂರು ಪಾಕ್, ಮೈಸೂರು ರೇಷ್ಮೆ, ಮೈಸೂರು ಪೇಟ. ಬದನೆಕಾಯಿ ಕೂಡ ಈರನಗೆರೆಯದು ಅಂದರೇನೇ ಚೀಲಕ್ಕೆ ಬೀಳುವುದು. ನಾನು ಧಾರವಾಡದವಳು. ಯಾವೂರು ಎಂದು ಕೇಳಿದವರೆಲ್ಲ ಮರುಕ್ಷಣ ಕೇಳಿದ್ದು ಒಂದೇ ಪ್ರಶ್ನೆ: "ಪೇಡೆ ತಂದಿದ್ದೀರಾ?" ತಂದಿರಲಿಲ್ಲ. ಸೂಜಿ, ದಾರ, ಸೆರಗು ಅರ್ಧ ಮುಗಿದ ಒಂದು ಇಳಕಲ್ ಸೀರೆ ತಂದಿದ್ದೆ. ಕೇಳಿದವರ ಮುಖದಲ್ಲಿ ಅಷ್ಟೇನೂ ಸಂತೋಷ ಕಾಣಲಿಲ್ಲ.

ನಾನು ಕಸೂತಿ ಹಾಕುವವಳು. ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಹಿಡಿದು ಮುಂದೆ ಹೋಗುತ್ತದೆ, ಅದೇ ದಾರಿಯಲ್ಲಿ ವಾಪಸು ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತ ಬರುತ್ತದೆ. ಗಂಟು ಹಾಕುವಂತಿಲ್ಲ. ಮುಗಿದ ಮೇಲೆ ಬಟ್ಟೆಯ ಮುಂದೂ ಹಿಂದೂ ಒಂದೇ ಇರಬೇಕು. ನಮ್ಮ ಕಡೆ ಹಿರಿಯರ ಕೈಗೆ ಕಸೂತಿ ಕೊಟ್ಟರೆ ಮೊದಲು ತಿರುವಿ ಹಾಕುತ್ತಾರೆ. "ಮುಂದ ಎಲ್ಲಾರೂ ಚಂದನ ಮಾಡ್ತಾರವಾ, ಹಿಂದ ತೋರಸು" ಅನ್ನುವುದು ನಮ್ಮವ್ವನ ಮಾತು. ಹಾಗೆ ತಿರುವಿ ನೋಡುವ ನಾಲ್ಕು ಜನ ಸಿಕ್ಕರೆ ಮಧ್ಯಾಹ್ನದ ಹೊತ್ತು ಒಟ್ಟಿಗೆ ಕೂತು ಹೊಲಿಯಬಹುದು ಎನ್ನುವುದಷ್ಟೇ ನನ್ನ ಆಸೆ. ಹೇಳಿಕೇಳಿ ಸಾಂಸ್ಕೃತಿಕ ರಾಜಧಾನಿ, ನಾಲ್ಕು ಜನ ಸಿಗುವುದಿಲ್ಲವೇ?

ನಲವತ್ತು ಜನ ಸಿಕ್ಕರು. ಕಷ್ಟ ಶುರುವಾದದ್ದೇ ಅಲ್ಲಿಂದ.

ಮೊದಲಿಗೆ ಕುವೆಂಪುನಗರದ ನಮ್ಮ ಮನೆ ಮಾಲೀಕರ ಶ್ರೀಮತಿ. "ಕಸೂತಿ ಅಂದ್ರೆ ಎಂಬ್ರಾಯ್ಡರಿ ತಾನೇ? ಹಂಗಾದ್ರೆ ನಮ್ಮ ಸೊಸೆ ಬ್ಲೌಸಿಗೆ ಆರಿ ವರ್ಕ್ ಮಾಡ್ಕೊಡಿ. ನವಿಲಿರ್ಲಿ, ಕಣ್ಣಿಗೊಂದು ಕಲ್ಲು ಕೂರಿಸಿ." ಆರಿ ಬೇರೆ, ಇದು ಬೇರೆ ಎಂದು ವಿವರಿಸಲು ಹೊರಟೆ. "ಅಯ್ಯೋ, ಎಲ್ಲಾ ದಾರಾನೇ ಅಲ್ವಾ" ಎಂದು ಅದ್ವೈತ ಹೇಳಿ ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದರು.

ಆಮೇಲೆ ಗೋಕುಲಂ. ಯೋಗ ಕಲಿಯಲು ಬರುವ ವಿದೇಶಿಯರ ಪುಣ್ಯದಿಂದ ಅಲ್ಲಿ ಮನೆಗಿಂತ ಕೆಫೆ ಜಾಸ್ತಿ. ಅಂಥದೊಂದು ಕೆಫೆಯಲ್ಲಿ ಶನಿವಾರ ಕೈಕೆಲಸದವರ ಕೂಟ, ತಲೆಗೆ 800 ರೂಪಾಯಿ, ಕಾಫಿ ಅದರಲ್ಲೇ ಸೇರಿದೆ. ನಡೆಸುವ ಹುಡುಗಿ ಮೃದುವಾಗಿ ಹೇಳಿದಳು: "ಇಲ್ಲಿ ನಾವು ಹೊಲಿಯೋದು ಮುಖ್ಯ ಅಲ್ಲ ಅಕ್ಕಾ, ನಮ್ಮ ಕೈ ಏನು ಹೇಳುತ್ತೆ ಅಂತ ಕೇಳಿಸ್ಕೋತೀವಿ." ಕೇಳಿಸಿಕೊಂಡೆವು. ಪ್ರತಿಯೊಬ್ಬರೂ ತಮ್ಮ ಜೀವನದ ಪಯಣ ಹೇಳಿಕೊಳ್ಳಲು ನಲವತ್ತು ನಿಮಿಷ, ಕಣ್ಣು ಮುಚ್ಚಿ ಉಸಿರು ಗಮನಿಸಲು ಹದಿನೈದು, ಸೂಜಿ ಮತ್ತು ಕಾಫಿ ಕಪ್ಪನ್ನು ಅಕ್ಕಪಕ್ಕ ಇಟ್ಟು ಫೋಟೋ ತೆಗೆಯಲು ಇಪ್ಪತ್ತು. ಕಣ್ಣು ಮುಚ್ಚಿ ಎಳೆ ಎಣಿಸುವ ವಿದ್ಯೆ ಧಾರವಾಡಕ್ಕೆ ಇನ್ನೂ ಬಂದಿಲ್ಲವಾದ್ದರಿಂದ ನಾನು ಸುಮ್ಮನೆ ಕೂತಿದ್ದೆ. ಹೊರಡುವಾಗ ಆ ಹುಡುಗಿ ನನ್ನ ಸೆರಗಿನ ಅಂಬಾರಿ ಆನೆ ನೋಡಿ, ಮುಂದಿನ ವಾರ ನೀವೇ ಕಲಿಸಿಕೊಡಿ, ಎರಡು ಗಂಟೆ ಸಾಕು ಅಂದಳು. ಈ ಒಂದು ಆನೆಗೆ ನನಗೇ ಎರಡು ದಿನ ಬೇಕಮ್ಮ ಅಂದೆ. "ಹಾಗಾದ್ರೆ ಆನೇನ ಸ್ವಲ್ಪ ಸಿಂಪಲ್ ಮಾಡಿ." ಸೊಂಡಿಲು ಬಿಟ್ಟರೆ ನಡೆಯುತ್ತದೆಯೇ ಎಂದು ಕೇಳಿದೆ. ಗಂಭೀರವಾಗಿ ಯೋಚಿಸಿದಳು. "ನಡೆಯುತ್ತೆ ಅಕ್ಕಾ, ಮಿನಿಮಲ್ ಆಗಿರುತ್ತೆ."

ವಿಜಯನಗರದ ಮಹಿಳೆಯರ ಬಳಗ ಇಷ್ಟು ನಾಜೂಕಿನದಲ್ಲ, ನೇರ ವ್ಯಾಪಾರ. ಕ್ರೋಶಾ ಸೂರ್ಯಕಾಂತಿ, ರೆಸಿನ್ ಕೀಚೈನು, ಮ್ಯಾಕ್ರಮೆ ತೋರಣ. ಎಲ್ಲರೂ ಮಾರುವವರೇ, ಕೊಳ್ಳುವವರು ಮಾತ್ರ ಹುಟ್ಟಿರಲಿಲ್ಲ. ಹಾಗಾಗಿ ಒಬ್ಬರದನ್ನು ಒಬ್ಬರು ಕೊಂಡುಕೊಂಡೆವು. ಮೂಲೆಗೆ ಟೇಪು ಅಂಟಿಸಿದ್ದ ನನ್ನದೊಂದು 200ರ ನೋಟು ಸೂರ್ಯಕಾಂತಿಯವರಿಗೆ ಹೋಯಿತು. ಮೂರು ವಾರ ಕಳೆದು, ನನ್ನ ಬುಕ್‌ಮಾರ್ಕ್ ಕೊಂಡ ತೋರಣದವರ ಕೈಯಿಂದ ಅದೇ ನೋಟು, ಅದೇ ಟೇಪಿನ ಸಮೇತ ವಾಪಸು ಬಂತು. ಬಳಗ ಸ್ವಾವಲಂಬಿಯಾಗಿತ್ತು.

ಇನ್ನೊಂದು ಸಂಘವಿದೆ. ಹೆಸರು ಬೇಡ. ಹೆಸರು ಹೇಳದಿದ್ದರೂ ಇದು ನಮ್ಮದೇ ಎಂದು ಮೂರು ಸಂಘದವರಾದರೂ ಬಾಗಿಲಿಗೆ ಬರುತ್ತಾರೆ. ಅವರು ಏರ್ಪಡಿಸಿದ್ದ ಕರಕುಶಲಕರ್ಮಿಗಳ ಸಮಾಗಮ ಬೆಳಿಗ್ಗೆ 10.30ಕ್ಕೆ ಇತ್ತು. ಆಹ್ವಾನ ಪತ್ರಿಕೆ ನಾಲ್ಕು ಪುಟ. ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಉಪಸ್ಥಿತಿ ಸೇರಿ ಹತ್ತೊಂಬತ್ತು ಹೆಸರು. ಕರಕುಶಲಕರ್ಮಿಗಳ ಬಗ್ಗೆ ಕೊನೆಯಲ್ಲಿ ಒಂದು ಸಾಲು: "ಎಲ್ಲರೂ ಸಕಾಲಕ್ಕೆ ಆಗಮಿಸಬೇಕಾಗಿ ವಿನಂತಿ." ನಾವು ಸಕಾಲಕ್ಕೆ ಆಗಮಿಸಿದೆವು. ಉಪಸ್ಥಿತಿಗಳೆಲ್ಲ ಉಪಸ್ಥಿತವಾಗುವಾಗ ಹನ್ನೆರಡೂ ಕಾಲು. ವೇದಿಕೆಯ ಮೇಲೆ ಹದಿನಾಲ್ಕು ಜನ, ಕೆಳಗೆ ನಾವು ಹನ್ನೊಂದು. ದೀಪ ಬೆಳಗಿಸಲು ಹೋದರೆ ಫ್ಯಾನಿನ ಗಾಳಿಗೆ ಬತ್ತಿ ಹತ್ತಲೊಲ್ಲದು. ಐವರು ಗಣ್ಯರು ಒಂದೇ ಮೇಣದಬತ್ತಿ ಹಿಡಿದು ಸೋತರು. ಹಿಂದಿನ ಸಾಲಿನಿಂದ ಕುಂಬಾರಗೇರಿಯ ಹಿರಿಯರೊಬ್ಬರು ಎದ್ದು ಹೋಗಿ, ಬತ್ತಿಯನ್ನು ಹೊಸೆದು, ಎಣ್ಣೆಯಲ್ಲಿ ಅದ್ದಿ ಸರಿಯಾಗಿ ಕೂರಿಸಿಕೊಟ್ಟರು. ಅಂದಿನ ಕಾರ್ಯಕ್ರಮದಲ್ಲಿ ಕೈಕೆಲಸ ಅಂತ ನಡೆದದ್ದು ಅದೊಂದೇ.

ಮೈಸೂರಿನಲ್ಲಿ ಯಾವ ಭಾಷಣವೂ ನಾಲ್ವಡಿಯವರ ಹೆಸರಿಲ್ಲದೆ ಶುರುವಾಗಬಾರದು. ಅದು ನ್ಯಾಯವೇ, ಆ ಋಣ ಈ ಊರಿಗಿದೆ. ಆದರೆ ಅಂದಿನ ಮುಖ್ಯ ಭಾಷಣಕಾರರು ಕೈಕಸುಬಿಗೆ ಅವರ ಕೊಡುಗೆಯ ಉದಾಹರಣೆಗೆ 1912ರ ರೇಷ್ಮೆ ಕಾರ್ಖಾನೆಯನ್ನೇ ಆರಿಸಿಕೊಂಡರು. ಸ್ವಿಟ್ಜರ್ಲೆಂಡಿನಿಂದ ಬಂದ ಆ ಮಗ್ಗಗಳು ಯಂತ್ರದ ಮಗ್ಗಗಳು ಎಂಬುದು ನೇಕಾರರೊಬ್ಬರಿಗೆ ಮಾತ್ರ ಹೊಳೆಯಿತು. ಅವರು ಚಪ್ಪಾಳೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಸಯ್ಯಾಜಿರಾವ್ ರಸ್ತೆಯಲ್ಲಿ 1906ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡ ಎಲ್ಲರ ಕಣ್ಣೆದುರೇ ಇದೆ. ಮರಗೆಲಸ, ಕೆತ್ತನೆ ಕಲಿಸಿದ ಜಾಗ ಅದು. ಅದರ ಸುದ್ದಿ ಬರಲಿಲ್ಲ. ಬಹುಶಃ ಭಾಷಣಕಾರರು ಅಲ್ಲಿಗೆ ಹೋಗಿದ್ದು ಎಂಪೋರಿಯಮ್ಮಿನಲ್ಲಿ ಗಂಧದ ಗಣಪತಿ ಕೊಳ್ಳುವುದಕ್ಕಷ್ಟೇ ಇರಬೇಕು.

ಸನ್ಮಾನಕ್ಕೆ ಎರಡು ಗಂಟೆ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯ ಮೇಲಿದ್ದವರು ಒಬ್ಬರಿಗೊಬ್ಬರು ಮಾಡಿಕೊಂಡು ಮುಗಿದ ಮೇಲೆ ಉಳಿದದ್ದು ನಮಗೂ ಬಂತು. ನನ್ನ ಕೈಗೂ ಒಂದು ಸ್ಮರಣಿಕೆ ಬಿತ್ತು: ಬೀಟೆ ಮರದ ಹಲಗೆ, ಅದರ ಮೇಲೆ ಇನ್ಲೇ ಕೆಲಸದ ಜಂಬೂ ಸವಾರಿ. ಅಭ್ಯಾಸಬಲ, ತಿರುವಿ ನೋಡಿದೆ. ಹಿಂದೆ ಬಾರ್‌ಕೋಡಿನ ಚೀಟಿ. ಬೆರಳಿನಲ್ಲಿ ಅಂಚು ಕೆರೆದರೆ ಬೀಟೆ ಮರ ಸಿಪ್ಪೆಯ ಹಾಗೆ ಎದ್ದು ಬಂತು. ಹೊಟ್ಟು ಒತ್ತಿ ಮಾಡಿದ ಹಲಗೆಗೆ ಇನ್ಲೇ ಚಿತ್ರದ ಫೋಟೋ ಅಂಟಿಸಿದ್ದರು. 750 ಕೆ.ಜಿ.ಯ ಚಿನ್ನದ ಅಂಬಾರಿ ಹೊತ್ತ ಆನೆಯ ಕಾಲು ನನ್ನ ಉಗುರಿಗೇ ಕಿತ್ತು ಬಂತು. ಪಕ್ಕದಲ್ಲಿ ಕೂತಿದ್ದವರು ನಿಜವಾದ ಇನ್ಲೇ ಕೆಲಸದವರು, ಮಂಡಿ ಮೊಹಲ್ಲಾದವರು. ಅವರೂ ತಮ್ಮದನ್ನು ತಿರುವಿ ನೋಡಿ, ಏನೂ ಮಾತಾಡದೆ ಚೀಲಕ್ಕೆ ಹಾಕಿಕೊಂಡರು. ನನಗೆ ಆಸೆ ಚಿಗುರಿತು.

ಅವರ ಬಳಿ ಹೋಗುವ ಮೊದಲು ಸರ್ಕಾರದ ಮೊರೆಯನ್ನೂ ಹೊಕ್ಕಿದ್ದೆನೆಂದು ಹೇಳಿಬಿಡಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳ ಪಟ್ಟಿಯಿದೆ. ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ಮಡಿವಾಳ, ಹೂಮಾಲೆ ಕಟ್ಟುವವರು, ಮೀನಿನ ಬಲೆ ಹೆಣೆಯುವವರು. ತರಬೇತಿಯಲ್ಲಿ ದಿನಕ್ಕೆ 500, ಸಲಕರಣೆಗೆ 15,000 ರೂಪಾಯಿ. ಕಸೂತಿಯ ಕಾಲಂ ಇರಲಿಲ್ಲ. ಮೇಜಿನ ಆಚೆಯ ಯುವಕ ಒಳ್ಳೆಯವನು. "ದರ್ಜಿ ಅಂತ ಹಾಕ್ಬಿಡಿ ಮೇಡಂ" ಅಂದ. ನಾನು ಬಟ್ಟೆ ಕತ್ತರಿಸೋದಿಲ್ಲ ಅಂದೆ. ಪಟ್ಟಿಯ ಮೇಲೆ ಬೆರಳಾಡಿಸಿ, "ಹಂಗಾದ್ರೆ ಬಲೆ? ಅದ್ರಲ್ಲೂ ದಾರಾನೇ ಇರೋದು" ಅಂದ. ಎಲ್ಲಾ ದಾರಾನೇ ಎಂಬ ಸಿದ್ಧಾಂತ ಕುವೆಂಪುನಗರದಿಂದ ಆ ಕಚೇರಿಯವರೆಗೂ ಹಬ್ಬಿತ್ತು.

ದಸರಾ ವಸ್ತುಪ್ರದರ್ಶನದ ಮಳಿಗೆ ವಿಚಾರ ಕೇಳಲೇಬೇಡಿ. ನಾಡಿನ ಕಸುಬು, ಬೆಳೆ ಜನರಿಗೆ ಕಾಣಲಿ ಎಂದು ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಈಗ ದೊಡ್ಡಕೆರೆ ಮೈದಾನದಲ್ಲಿ ಜನರಿಗೆ ಮುಖ್ಯವಾಗಿ ಕಾಣುವುದು ಡೆಲ್ಲಿ ಹಪ್ಪಳ. ಮಳಿಗೆ ಬಾಡಿಗೆ ಕೇಳಿ ನಾನೂ ಒಂದು ಹಪ್ಪಳ ತಿಂದು ಬಂದೆ.

ಮಂಡಿ ಮೊಹಲ್ಲಾದ ಆ ಕಾರ್ಖಾನೆ ಅಂದರೆ ಹತ್ತು ಅಡಿಯ ಒಂದು ಕೋಣೆ. ಕಾಲಿಟ್ಟಲ್ಲೆಲ್ಲ ಮರದ ಪುಡಿ, ಮೂಗಿಗೆ ಬೀಟೆಯ ಘಾಟು. ಸ್ಮರಣಿಕೆಯವರು ನೆಲದ ಮೇಲೆ ಕೂತು, ಕೂದಲೆಳೆಯಂಥ ಅಲಗಿನ ಗರಗಸದಲ್ಲಿ ಎತ್ತಿನ ಕೊಂಬು ಕೊಯ್ಯುತ್ತಿದ್ದರು. ಇಡೀ ಕೊಂಬು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ಬೀಟೆಯಲ್ಲಿ ತೋಡಿದ ಗುಳಿಗೆ ಕೂರಿಸಿದರು. ಸರಿಹೊಂದಲಿಲ್ಲ. ತೆಗೆದು, ಒಮ್ಮೆ ಉಜ್ಜಿ, ಮತ್ತೆ ಕೂರಿಸಿದರು. ಬಣ್ಣ ಹಚ್ಚುವ ಮಾತಿಲ್ಲ. ಹಳದಿ ಬೇಕಾದರೆ ಹಲಸು, ಹೀಗೆ ಒಂದೊಂದು ಬಣ್ಣಕ್ಕೆ ಒಂದೊಂದು ಮರ. ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಬಿಳುಪಿಗೆ ದಂತ ಇದೆ, ಈಗ ದಂತ ಮುಟ್ಟುವಂತಿಲ್ಲ, ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. 2017ರಲ್ಲಿ ಬೀಟೆಯೂ ಅಂತಾರಾಷ್ಟ್ರೀಯ ನಿಯಂತ್ರಣದ ಪಟ್ಟಿ ಸೇರಿದ್ದರಿಂದ ಹೊರದೇಶಕ್ಕೆ ಕಳಿಸಲು ಮರಕ್ಕಿಂತ ಕಾಗದವೇ ಹೆಚ್ಚು ಬೇಕು.

ಇಲ್ಲೊಂದು ಬಳಗ ಸಿಕ್ಕೀತು ಎಂದು ನಾನು ಹೇಳಿಕೊಂಡೆ. ಗೋಕುಲಂನಲ್ಲಿ ಕಲಿತ ಮಾತು, ಪಯಣ ಗಿಯಣ ಎಲ್ಲ ಬಂತು. ಅವರು ಗರಗಸ ನಿಲ್ಲಿಸಲಿಲ್ಲ. "ಏನ್ ಬೇಕಮ್ಮ? ಟ್ರೇನಾ, ಟೀಪಾಯಾ?" ಏನೂ ಬೇಡ ಭಾಯ್, ಸುಮ್ಮನೆ ನೋಡಲು ಬಂದೆ ಅಂದೆ. ಸುಮ್ಮನೆ ನೋಡಲು ಬರುವವರನ್ನು ಅವರು ತುಂಬ ನೋಡಿದ್ದರು. ಫೋಟೋ ಬೇಕಾದರೆ ಕಿಟಕಿ ಕಡೆಯಿಂದ ತೆಗೀರಿ, ಬೆಳಕು ಚೆನ್ನಾಗಿ ಬರುತ್ತೆ, ಹೋದ ತಿಂಗಳು ಬಂದೋರು ಅಲ್ಲೇ ನಿಂತಿದ್ರು ಅಂದರು.

ಬೇರೆ ದಾರಿ ಕಾಣದೆ ಚೀಲದಿಂದ ಸೆರಗು ತೆಗೆದು ಕೊಟ್ಟೆ. ಕೈಯನ್ನು ಲುಂಗಿಗೆ ಒರೆಸಿಕೊಂಡು ತೆಗೆದುಕೊಂಡರು. ಒಮ್ಮೆ ನೋಡಿದರು. ತಿರುವಿದರು. ಮತ್ತೆ ತಿರುವಿದರು. ಕಿಟಕಿಗೆ ಹಿಡಿದರು. "ಗಂಟೆಲ್ಲಿ?"

ಇಲ್ಲ ಅಂದೆ.

"ನಮ್ದು ಹಿಂದೆ ನೋಡಿದ್ರೆ ಬರೀ ಫೆವಿಕಾಲು" ಎಂದು ನಕ್ಕರು. "ಇದಕ್ಕೆ ಎಷ್ಟ್ ಕೊಡ್ತಾರೆ?" ಹೇಳಿದೆ. ಎಷ್ಟು ದಿನದ ಕೆಲಸ ಎಂದು ಕೇಳಿದರು. ಅದನ್ನೂ ಹೇಳಿದೆ. ಮೂಲೆಯಲ್ಲಿ ಪಾಲಿಶ್ ಉಜ್ಜುತ್ತಿದ್ದ ಹುಡುಗನ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಅಂದರು. ಇಬ್ಬರೂ ನಕ್ಕರು. ಏನಂದಿರಿ ಎಂದು ಕೇಳಿದೆ. "ನಮಗಿಂತ ಮೋಸ ಹೋಗೋರೂ ಇದಾರೆ ಅಂದೆ ಅಮ್ಮ, ಬೇಜಾರಾಗ್ಬೇಡಿ." ಚಹಾ ತರಿಸಿದರು. ಮಾತಾಡಲು ಸಮಯವಿರಲಿಲ್ಲ, ಸೋಮವಾರಕ್ಕೆ ನಲವತ್ತು ಎತ್ತು ಕೊಡಬೇಕಿತ್ತು. ನಾನು ಚಹಾ ಕುಡಿದು ಕಪ್ಪು ತೊಳೆದಿಟ್ಟು ಬಂದೆ. ತಿಂಗಳಿಗೊಮ್ಮೆ ಹೋಗುತ್ತೇನೆ. ಬಳಗ ಎನ್ನುವ ಮಾತು ಮತ್ತೆ ಎತ್ತಿಲ್ಲ.

ನವರಾತ್ರಿ ಹತ್ತಿರ ಬಂದಾಗ ಮಾಲೀಕರ ಶ್ರೀಮತಿ ಮತ್ತೆ ಬಂದರು. ನಜರ್‌ಬಾದಿನ ಬೊಂಬೆಮನೆಯಲ್ಲಿ ಪ್ರತಿವರ್ಷ ಒಂದಾದರೂ ಗೊಂಬೆ ಕೊಂಡು ತರುವವರು ಅವರು. ಒಂಬತ್ತು ಮೆಟ್ಟಿಲ ತುಂಬ ಗೊಂಬೆ, ಮೇಲಿನ ಮೆಟ್ಟಿಲಿಗೆ ಮದುವೆಯಲ್ಲಿ ತವರಿನಿಂದ ಬಂದ ಚಂದನದ ಪಟ್ಟದ ಗೊಂಬೆ ಜೋಡಿ. "ರಾಣಿ ಗೊಂಬೆಗೆ ಒಂದು ಪುಟ್ಟ ಸೀರೆ ಮಾಡ್ಕೊಡ್ರೀ, ಸೆರಗಿಗೆ ನಿಮ್ಮ ಆನೆ ಬರ್ಲಿ. ಹಿಂದೆಲ್ಲ ಕಷ್ಟಪಡ್ಬೇಡಿ, ಗೋಡೆಗೆ ಒರಗಿಸಿರ್ತೀವಿ, ಯಾರು ನೋಡ್ತಾರೆ." ಹೆಬ್ಬೆರಳಷ್ಟು ಅಗಲದ ಸೆರಗಿಗೆ ಮೂರು ಆನೆ ಹಾಕಿದೆ. ಗವಂತಿಯಲ್ಲಿ ಹಿಂದೆ ಕಷ್ಟಪಡದೆ ಮುಂದೆ ಮಾಡಲು ಬರುವುದಿಲ್ಲ, ಹಾಗಾಗಿ ಹಿಂದೆಯೂ ಮೂರು ಆನೆ ಬಂದವು.

ಒಂಬತ್ತು ದಿನ ಬಂದವರೆಲ್ಲ ಮುಂದಿನಿಂದ ನೋಡಿ, ಚರ್ಪು ತಿಂದು ಹೋದರು. ವಿಜಯದಶಮಿಯ ರಾತ್ರಿ ಪದ್ಧತಿಯಂತೆ ಪಟ್ಟದ ಗೊಂಬೆ ಮಲಗಿಸುವಾಗ ಆಕೆ ಮೇಲಿನಿಂದಲೇ ಕೂಗಿದರು: "ಇಲ್ಲಿ ಬನ್ರೀ, ಸೆರಗಿನ ಒಳಗಡೇನೂ ಆನೆ ಇದೆ ಕಣ್ರೀ!" ನಾನು ಎರಡೆರಡು ಮೆಟ್ಟಿಲು ಹತ್ತಿ ಓಡಿದೆ. ಆಕೆ ಸೆರಗನ್ನು ತಿರುವಿ ತಿರುವಿ ನೋಡುತ್ತಿದ್ದರು, ದೀಪದ ಹತ್ತಿರ ಹಿಡಿದರು, ಬೆರಳಿನಲ್ಲಿ ಸವರಿದರು. ಕಣ್ಣು ಅರಳಿತ್ತು. ಬಹಳ ಹೊತ್ತು ನೋಡಿ, ಪಕ್ಕಕ್ಕೆ ಕರೆದು, ಮೆಲ್ಲಗೆ ಹೇಳಿದರು:

"ಮುಂದಿನ ವರ್ಷ ಒಂದು ಕಡೆ ಮಾತ್ರ ಹಾಕ್ರೀ. ಅರ್ಧ ರೇಟು ಮಾಡ್ಕೊಳ್ಳಿ."