ಬೈಗುಳ ಬ್ಯಾಟರಿಗೆ, ಕಾಯಿಲೆ ಡೈನಮೋಗೆ

ಮಳೆಗಾಲ ಹಿಡೀತು ಅಂದ್ರೆ ಬೆಳಗಿನ ಹೊತ್ತು ಬೀದಿಯಲ್ಲಿ ಯಾರದ್ದಾದರೂ ಮನೆ ಮುಂದೆ ‘ಟಕ್ ಟಕ್’ ಸದ್ದು ಶುರು. ಕೀ ತಿರುಗಿಸಿದರೆ ಸೆಲ್ಫ್ ಹೊಡೆಯೋದಿಲ್ಲ. ಕಾಫಿ ಲೋಟ ಹಿಡಿದುಕೊಂಡೇ ನಾಲ್ಕು ಜನ ಸೇರಿ, ‘ಬ್ಯಾಟರಿ ಹೋಗಿದೆ ಬಿಡಿ’ ಅಂತ ತೀರ್ಪು ಕೊಟ್ಟೂಬಿಡ್ತಾರೆ. ಹೊಸ ಬ್ಯಾಟರಿ ಬರುತ್ತೆ, ಗಾಡಿ ಸ್ಟಾರ್ಟ್ ಆಗುತ್ತೆ, ಎಲ್ಲರಿಗೂ ಸಮಾಧಾನ. ಒಂದೆರಡು ದಿನ ಕಳೆದರೆ ಅದೇ ಮನೆ ಮುಂದೆ ಅದೇ ಟಕ್ ಟಕ್! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ವಾ?

ಪಾಪ, ಬ್ಯಾಟರಿದೇನು ತಪ್ಪು? ಸೆಲ್ಫ್ ಹೊಡೆಯೋ ಅಷ್ಟು ಹೊತ್ತು ಶಕ್ತಿ ಕೊಡೋದು ಅದರ ಕೆಲಸ. ಇಂಜಿನ್ ಓಡೋಕೆ ಶುರುವಾದ ಮೇಲೆ ದೀಪ, ವೈಪರ್, ಏಸಿ ಫ್ಯಾನು ಎಲ್ಲವನ್ನೂ ಸಾಕಿ, ಬ್ಯಾಟರಿಯ ಹೊಟ್ಟೆಯನ್ನೂ ತುಂಬಿಸಬೇಕಾದ್ದು ಆಲ್ಟರ್ನೇಟರು. ಗ್ಯಾರೇಜಿನವರ ಬಾಯಲ್ಲಿ ಇವತ್ತಿಗೂ ಅದು ಡೈನಮೋನೇ.

ನಮ್ಮ ಮಾವನ ಕಾಫಿ ತೋಟದಲ್ಲಿ ಹಳೇ ಜೀಪೊಂದಿತ್ತು. ಅದರ ಡ್ಯಾಶ್‌ಬೋರ್ಡಿನಲ್ಲಿ ಆಂಪಿಯರ್ ತೋರಿಸೋ ಪುಟ್ಟ ಗಡಿಯಾರದಂಥದ್ದು. ಮುಳ್ಳು ಪ್ಲಸ್ ಕಡೆ ವಾಲಿದರೆ ಚಾರ್ಜ್ ಆಗ್ತಿದೆ, ಮೈನಸ್ ಕಡೆ ವಾಲಿದರೆ ಬ್ಯಾಟರಿ ಖಾಲಿ ಆಗ್ತಿದೆ. ಮಾವ ಗೇರ್ ಹಾಕೋ ಮೊದಲು ಆ ಮುಳ್ಳಿನ ಮುಖ ನೋಡೋರು. ಹೆಡ್‌ಲೈಟ್ ಹಾಕಿದ ತಕ್ಷಣ ಅದು ಸರ್ರನೆ ಎಡಕ್ಕೆ ಬಿದ್ದು, ಆಕ್ಸಿಲರೇಟರ್ ಒತ್ತಿದ ಕೂಡಲೇ ನಿಧಾನಕ್ಕೆ ಬಲಕ್ಕೆ ಬರೋದನ್ನ ನೋಡೋದೇ ಮಕ್ಕಳಾದ ನಮಗೊಂದು ಆಟ. ಈಗಿನ ಕಾರುಗಳಲ್ಲಿ ಆ ಮುಳ್ಳೆಲ್ಲಿದೆ ಹೇಳಿ? ಬ್ಯಾಟರಿ ಚಿತ್ರದ ಒಂದು ಕೆಂಪು ದೀಪ, ಅಷ್ಟೇ.

ಆ ದೀಪದ ಗುಣವನ್ನ ತಿಳಿದಿಟ್ಟುಕೊಳ್ಳಬೇಕು ಕಣ್ರೀ. ಕೀ ಆನ್ ಮಾಡಿದಾಗ ಅದು ಹತ್ತಲೇಬೇಕು, ಇಂಜಿನ್ ಶುರುವಾದ ಮೇಲೆ ಆರಲೇಬೇಕು. ಓಡುವಾಗ ಮಿಣುಕಿದರೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಆದರೆ ಮೊದಲಿಂದಲೇ ಹತ್ತದಿದ್ದರೆ? ‘ಸದ್ಯ, ಏನೂ ತೊಂದರೆ ಇಲ್ಲ’ ಅಂತ ಹೊರಟುಬಿಡೋರೇ ಜಾಸ್ತಿ. ಹಳೆಯ ಎಷ್ಟೋ ಕಾರುಗಳಲ್ಲಿ ಆ ಸಣ್ಣ ಬಲ್ಬಿನ ಮೂಲಕ ಹರಿಯೋ ಕರೆಂಟೇ ಡೈನಮೋವನ್ನ ಎಬ್ಬಿಸೋದು. ಬಲ್ಬು ಸುಟ್ಟಿದ್ದರೆ ಡೈನಮೋ ಗಟ್ಟಿಯಾಗಿದ್ದೂ ಚಾರ್ಜ್ ಮಾಡದೆ ಕೂರಬಹುದು. ಎಂಥ ವಿಚಿತ್ರ ನೋಡಿ!

ಇನ್ನು ಕೆಲವು ಸೂಚನೆ ಕಣ್ಣು-ಕಿವಿಗೇ ಸಿಕ್ಕಿಬಿಡ್ತವೆ. ಸಿಗ್ನಲ್ಲಿನಲ್ಲಿ ನಿಂತಾಗ ಹೆಡ್‌ಲೈಟು ಮಂಕಾಗಿ, ಆಕ್ಸಿಲರೇಟರ್ ಒತ್ತಿದರೆ ಬೆಳಗೋದು. ವೈಪರ್ ಎದ್ದೇಳೋಕೆ ಸೋಮಾರಿತನ ಮಾಡೋದು. ಬಾನೆಟ್ಟಿನೊಳಗೆ ಬೆಲ್ಟು ಕಿರ್ರನೆ ಕಿರುಚೋದು, ಬೇರಿಂಗು ಗೊರಗೊರ ಅನ್ನೋದು. ಇನ್ನೊಂದು ಸ್ವಾರಸ್ಯ ಕೇಳಿ: ರಾತ್ರಿಯಿಡೀ ನಿಂತಿದ್ದ ಗಾಡಿಯ ಡೈನಮೋ ಬೆಳಿಗ್ಗೆ ಮುಟ್ಟಿದಾಗ ಬೆಚ್ಚಗಿದ್ದರೆ ಒಳಗಿನ ಡಯೋಡು ಕೆಟ್ಟು, ಬ್ಯಾಟರಿಯ ಕರೆಂಟು ಹಿಂದಕ್ಕೆ ಸೋರ್ತಿದೆ ಅಂತಲೇ ಅನುಮಾನಿಸಿ.

ಮಲ್ಟಿಮೀಟರ್ ಇದ್ದರಂತೂ ಕಾಲು ಗಂಟೆಯ ಕೆಲಸವೂ ಅಲ್ಲ. ಇಂಜಿನ್ ನಿಂತಿದ್ದಾಗ ಚೆನ್ನಾಗಿರೋ ಬ್ಯಾಟರಿ 12.5 ವೋಲ್ಟಿನ ಆಸುಪಾಸು ತೋರಿಸುತ್ತೆ. ಇಂಜಿನ್ ಓಡುವಾಗ 13.5ರಿಂದ 14.5ರ ಒಳಗೆ ಬರಬೇಕು. 13 ದಾಟದಿದ್ದರೆ ಚಾರ್ಜಿಂಗ್ ಸಾಲದು. 15 ಮೀರಿದರೆ ವೋಲ್ಟೇಜನ್ನ ಹಿಡಿತದಲ್ಲಿಡೋ ರೆಗ್ಯುಲೇಟರ್ ಕೆಟ್ಟಿರಬಹುದು, ಹಾಗೇ ಬಿಟ್ಟರೆ ಬ್ಯಾಟರಿ ಕುದಿಯುತ್ತೆ. ಹೊಸ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗನ್ನ ಏರಿಳಿಸೋದರಿಂದ, ಲೈಟು, ಫ್ಯಾನು ಎಲ್ಲ ಹಾಕಿ ಇನ್ನೊಮ್ಮೆ ನೋಡೋದು ವಾಸಿ. ಅಂದಹಾಗೆ, ಇಂಜಿನ್ ಓಡ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚಿ ‘ನೋಡಿ, ನಿಲ್ಲುತ್ತೋ ಇಲ್ವೋ’ ಅನ್ನೋ ಹಳೇ ಪರೀಕ್ಷೆಯನ್ನ ಯಾರಿಗೂ ಮಾಡೋಕೆ ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಜಿಗಿದು ಈಗಿನ ಗಾಡಿಯ ಕಂಪ್ಯೂಟರನ್ನೇ ಸುಟ್ಟುಹಾಕಬಹುದು.

ದಾರಿಯಲ್ಲಿ ಡೈನಮೋ ಕೈಕೊಟ್ಟರೆ? ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳೀತಿದ್ದೀರಿ, ರಾತ್ರಿ, ಮಳೆ, ಮುಂದೆ ಲಾರಿಗಳ ಸಾಲು ಅಂತಿಟ್ಟುಕೊಳ್ಳಿ. ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳ ಬ್ಯಾಟರಿ ಸುಮಾರು 35 ಆಂಪಿಯರ್-ಅವರ್ ಅಷ್ಟೇ. ಎರಡು ಹ್ಯಾಲೊಜನ್ ಹೆಡ್‌ಲೈಟಿಗೇ ಸುಮಾರು 10 ಆಂಪಿಯರ್ ಬೇಕು. ವೈಪರ್, ಪೆಟ್ರೋಲ್ ಪಂಪು, ಇಗ್ನಿಷನ್ ಸೇರಿಸಿದರೆ ಗಂಟೆ ಹೊತ್ತು ಸಿಕ್ಕರೆ ಪುಣ್ಯ. ಏಸಿ, ಹಾಡು, ಫೋನ್ ಚಾರ್ಜು ಎಲ್ಲ ಬಂದ್ ಮಾಡಿ. ಹೆಡ್‌ಲೈಟನ್ನ ಮಾತ್ರ ಆರಿಸಬೇಡಿ, ಇಂಜಿನ್ನನ್ನೂ ಆಫ್ ಮಾಡಬೇಡಿ, ಮತ್ತೆ ಸ್ಟಾರ್ಟ್ ಆಗಲಿಕ್ಕಿಲ್ಲ. ಅಂಗಡಿ, ಬೆಳಕು ಇರೋ ಕಡೆ ತಲುಪಿ ನಿಲ್ಲಿಸಿ. ಆದರೆ ಕೆಂಪು ದೀಪದ ಜೊತೆ ಟೆಂಪರೇಚರ್ ಮುಳ್ಳೂ ಏರಿದರೆ ಆ ಲೆಕ್ಕವೆಲ್ಲ ಬಿಡಿ, ಪಕ್ಕಕ್ಕೆ ಹಾಕಿ ಕೂಡಲೇ ಆಫ್ ಮಾಡಿ. ಎಷ್ಟೋ ಗಾಡಿಗಳಲ್ಲಿ ಡೈನಮೋ, ವಾಟರ್ ಪಂಪು ಎರಡನ್ನೂ ತಿರುಗಿಸೋದು ಒಂದೇ ಬೆಲ್ಟು. ಅದು ಕಡಿದಿದ್ದರೆ ಇಂಜಿನ್ನೇ ಬೆಂದುಹೋಗುತ್ತೆ.

ರಿಪೇರಿ ಅಂದ ಕೂಡಲೇ ಗಾಬರಿ ಬೇಡ. ಆಟೋ ಎಲೆಕ್ಟ್ರಿಷಿಯನ್ನು ಡೈನಮೋ ಬಿಚ್ಚಿ, ಪುಲ್ಲಿಯನ್ನ ಬೆರಳಲ್ಲಿ ತಿರುಗಿಸಿ ಕಿವಿ ಹತ್ತಿರ ಹಿಡೀತಾನಲ್ಲ, ಅದನ್ನ ನಿಂತು ನೋಡಿ. ಹಿಂಬದಿಯಿಂದ ಕರೀ ಪುಡಿ ಉದುರುತ್ತೆ, ಉಗುರಿನಷ್ಟಾಗಿ ಸವೆದ ಕಾರ್ಬನ್ ಬ್ರಷ್ಷು ಹೊರಗೆ ಬರುತ್ತೆ. ಬರೀ ಬ್ರಷ್ಷೋ ಬೇರಿಂಗೋ ಆಗಿದ್ದರೆ, ಇಡೀ ಡೈನಮೋ ಬದಲಿಸೋ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಹಾಗಾಗಿ ಹೊಸ ಬ್ಯಾಟರಿಗೆ ದುಡ್ಡು ಬಿಚ್ಚೋ ಮುಂಚೆ, ‘ಇಂಜಿನ್ ಓಡುವಾಗ ಮೀಟರ್ ಹಿಡಿದು ತೋರಿಸಪ್ಪಾ’ ಅಂತ ಒಂದು ಮಾತು ಕೇಳಿಬಿಡಿ, ಆಯ್ತಾ?