ವ್ಯಾಲ್ಯೂ ರಾಯರು

ಬೆಂಗಳೂರಿನ ಯಾವ ಹಳೆಯ ಬಡಾವಣೆಗಾದರೂ ಹೋಗಿ. ಜಯನಗರವಾಗಲಿ, ರಾಜಾಜಿನಗರವಾಗಲಿ, ಬನಶಂಕರಿಯಾಗಲಿ, ಅಡ್ಡರಸ್ತೆಗೊಂದು ಮನೆಯ ಮುಂದೆ ಎಂ-ಸ್ಯಾಂಡ್ ಗುಡ್ಡೆ, ಅದರ ಮೇಲೆ ಸುಖವಾಗಿ ಮಲಗಿದ ಬೀದಿನಾಯಿ, ಪಕ್ಕದಲ್ಲಿ ಒಡೆದ ಟೈಲ್ಸ್ ತುಂಬಿದ ಸಿಮೆಂಟ್ ಚೀಲಗಳು ಇದ್ದೇ ಇರುತ್ತವೆ. ಆ ಮನೆಯ ಗೇಟಿನ ಬಳಿ ತಲೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಅಳತೆ ಟೇಪು ಹಿಡಿದು ನಿಂತವರೇ ವ್ಯಾಲ್ಯೂ ರಾಯರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಪಿಂಚಣಿ ಕಚೇರಿಯವರನ್ನು ಬಿಟ್ಟರೆ ಅದನ್ನು ಈಗ ಯಾರೂ ಬಳಸುವುದಿಲ್ಲ.

ನಿವೃತ್ತರಾದ ಮೇಲೆ ಉಳಿದವರು ಕಾಶಿಗೆ ಹೋಗುತ್ತಾರೆ, ಇಲ್ಲವೇ ಮೊಮ್ಮಗುವನ್ನು ಆಡಿಸಲು ಅಮೆರಿಕಕ್ಕೆ ಹೋಗುತ್ತಾರೆ. ರಾಯರು ಎಸ್.ಜೆ.ಪಿ. ರಸ್ತೆಗೆ ಹೋಗುತ್ತಾರೆ. ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅವರಿಗೆ ಸ್ಟೂಲು, ಬೈಟು ಕಾಫಿ ಎರಡೂ ಸಿಗುತ್ತವೆ. ಜಿಗಣಿಯ ಗ್ರಾನೈಟ್ ಯಾರ್ಡುಗಳಲ್ಲಿ ಕಲ್ಲಿನ ಮೇಲೆ ನೀರು ಚೆಲ್ಲಿ, ಕನ್ನಡಕ ಏರಿಸಿ, ಕೂದಲೆಳೆಯ ಬಿರುಕು ಹುಡುಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಅವರ ಮುಂದೆ ಖರ್ಚು ಎನ್ನಬಾರದು. ಸಿಟ್ಟು ಬರುತ್ತದೆ.

"ಖರ್ಚಲ್ಲ ಕಣ್ರೀ, ಇನ್ವೆಸ್ಟ್‌ಮೆಂಟು! ಮೂರು ಲಕ್ಷ ಹಾಕಿದೆ. ವ್ಯಾಲ್ಯೂ ಎಷ್ಟು ಏರಿತು ಹೇಳಿ?"

ಸುಮ್ಮನಿದ್ದರೆ ಅವರೇ ಹೇಳುತ್ತಾರೆ: "ಹತ್ತು!"

ಆ ಹತ್ತು ಎಲ್ಲಿಂದ ಬಂತು ಎಂದು ಕೇಳುವ ಹಾಗಿಲ್ಲ. ಹಾಗಾದರೆ ಮನೆ ಮಾರುವ ಯೋಚನೆಯೇ ಎಂದು ಕೇಳಿದಿರೋ, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. "ಛೆ ಛೆ! ಅಪ್ಪ ಕೊಂಡ ಸೈಟು. ಮಾರೋದುಂಟೇನ್ರೀ?"

ಅಪ್ಪ 1968ರಲ್ಲಿ ಕಟ್ಟಿಸಿದಾಗ ಮನೆಗೆ ರೆಡ್ ಆಕ್ಸೈಡ್ ನೆಲ. ಸಿಮೆಂಟಿಗೆ ಕೆಂಪು ಪುಡಿ ಕಲಸಿ, ಕರಣೆಯಲ್ಲಿ ತೀಡಿ ತೀಡಿ, ದಿನಗಟ್ಟಲೆ ನೀರು ನಿಲ್ಲಿಸಿ, ಆಮೇಲೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದ ನೆಲ. ಬೇಸಿಗೆಯಲ್ಲಿ ಚಾಪೆಯೂ ಬೇಡದೆ ಮಲಗಬಹುದಿತ್ತು. 1994ರಲ್ಲಿ ರಾಯರು ಅದರ ಮೇಲೆ ಮೊಸಾಯಿಕ್ ಹಾಕಿಸಿದರು. ಪಾಲಿಷ್ ಮೆಷಿನ್ನಿನ ಬೂದು ನೀರು ಹರಿದು ನೆರೆಮನೆಯ ತುಳಸಿಕಟ್ಟೆಯವರೆಗೆ ಹೋಯಿತು. 2006ರಲ್ಲಿ ಮೊಸಾಯಿಕ್ ಮೇಲೆ ವಿಟ್ರಿಫೈಡ್ ಟೈಲ್ಸ್ ಬಂತು. 2015ರಲ್ಲಿ ಅದರ ಮೇಲೆ ಇಟಾಲಿಯನ್ ಮಾರ್ಬಲ್. ಪ್ರತಿ ಸಲವೂ ನೆಲ ಮೇಲೆ ಬಂತು, ಬಾಗಿಲುಗಳ ಕೆಳಗಿನ ಅಂಚನ್ನು ಬಡಗಿ ಕೊಯ್ದ. ಈಗ ಮುಂಬಾಗಿಲ ಹೊಸ್ತಿಲು ನೆಲದ ಮಟ್ಟಕ್ಕೇ ಬಂದಿದೆ. ಶುಕ್ರವಾರ ಅರಿಸಿನ ಹಚ್ಚುವಾಗ ರಾಯರ ಹೆಂಡತಿ ಅದನ್ನು ಬೆರಳಿನಿಂದ ತಡಕಬೇಕು. ಕೆಳಗಿನಿಂದ ನೆಲ ಏರುತ್ತಿರುವಾಗ ಮೇಲಿನಿಂದ ಪಿಒಪಿ ಫಾಲ್ಸ್ ಸೀಲಿಂಗ್ ಇಳಿಯಿತು. ಆರಡಿ ಎತ್ತರದ ಅಳಿಯಂದಿರು ಹಾಲಿನಲ್ಲಿ ಫ್ಯಾನ್ ತಿರುಗುತ್ತಿರುವಾಗ ಕೈಯೆತ್ತಿ ಮೈಮುರಿಯುವುದನ್ನು ಬಿಟ್ಟಿದ್ದಾರೆ.

ಹೋದ ವರ್ಷ ದೊಡ್ಡಪ್ಪನ ಮೊಮ್ಮಗ ಬಂದಿದ್ದ. ಆರ್ಕಿಟೆಕ್ಟ್ ಹುಡುಗ. ಮಾರ್ಬಲ್ ನೋಡಿ ಮುಖ ಸಿಂಡರಿಸಿ, "ಈಗ ದೊಡ್ಡೋರೆಲ್ಲ ರೆಡ್ ಆಕ್ಸೈಡ್ ಹಾಕಿಸ್ತಿದಾರೆ ಚಿಕ್ಕಪ್ಪ. ಹೆರಿಟೇಜ್ ಲುಕ್ಕು" ಎಂದು ಹೇಳಿ, ಕೋಡುಬಳೆ ತಿಂದು ಹೋದ. ರಾಯರಿಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆಯೇ ಮೇಸ್ತ್ರಿಗೆ ಫೋನ್ ಹೋಯಿತು. ಈಗಿನ ಹುಡುಗರಿಗೆ ಆ ಕೆಲಸ ಬರುವುದಿಲ್ಲ. ಹುಡುಕಿ ಹುಡುಕಿ ಕರೆತಂದ ವಯಸ್ಸಾದ ಮೇಸ್ತ್ರಿ ಚದರಡಿಗೆ ಹೇಳಿದ ರೇಟು ಕೇಳಿ ರಾಯರೇ ಗೋಡೆಗೆ ಒರಗಿದರು. ಮೇಸ್ತ್ರಿ ಸಮಾಧಾನ ಹೇಳಿದ: "ಆವಾಗ ಇದು ಕೈಲಾಗದೋರ ಮನೆಗೆ ಹಾಕೋದು ಸಾ. ಈಗ ಕೈಲಾಗೋರ ಮನೆಗೆ ಮಾತ್ರ."

ಕೆಲಸ ಶುರುವಾಗಿ ಸ್ಟೋರ್ ರೂಮಿನ ಬೀರು ಸರಿಸಿದಾಗ, ಅದರಡಿಯಲ್ಲಿ ಅಪ್ಪನ ಕಾಲದ ಕೆಂಪು ನೆಲ ಬಾಗಿಲಗಲ ಹಾಗೇ ಉಳಿದುಕೊಂಡಿತ್ತು. ಹುಡುಗನೊಬ್ಬ ಒದ್ದೆ ಬಟ್ಟೆಯಲ್ಲಿ ಒರೆಸಿದ. ನೆತ್ತಿಯ ಮೇಲಿನ ಬಲ್ಬು ನೆಲದಲ್ಲಿ ಕಂಡಿತು. ಒಂದು ಬಿರುಕಿಲ್ಲ. ಎಲ್ಲರೂ ಸುತ್ತ ನಿಂತು ನೋಡಿದರು. ರಾಯರು ಬಗ್ಗಿ, ಮುಟ್ಟಿ, ಎದ್ದುನಿಂತು ಅಪ್ಪಣೆ ಕೊಟ್ಟರು: "ಇದನ್ನೂ ಒಡೀರಿ. ಹೊಸದಕ್ಕೆ ಮ್ಯಾಚ್ ಆಗಲ್ಲ."

ಅಡಿಗೆಮನೆಯದು ಬೇರೆಯೇ ಪುರಾಣ. ಅದು ಮೊದಲಿನಿಂದಲೂ ಆಗ್ನೇಯದಲ್ಲೇ ಇತ್ತು. ಆದರೂ ವಾಸ್ತುವಿನವರೊಬ್ಬರು ಬಂದು ದಿಕ್ಸೂಚಿ ಹಿಡಿದು, ಇನ್ನೂ ಒಂದೂವರೆ ಅಡಿ ಆಗ್ನೇಯ ಬೇಕು ಎಂದರು. ಗೋಡೆ ಸರಿಯಿತು, ಮಾಡ್ಯುಲರ್ ಕಿಚನ್ ಬಂತು, ಚಿಮಣಿ ಬಂತು. ಈಗ ರಾಯರ ಹೆಂಡತಿ ಒಗ್ಗರಣೆ ಹಾಕುವುದು ಹಿತ್ತಲಿನಲ್ಲಿ, ಒಗೆಯೋ ಕಲ್ಲಿನ ಪಕ್ಕ ಇಟ್ಟ ಒಂಟಿ ಒಲೆಯ ಮೇಲೆ.

"ಎಣ್ಣೆ ಹಾರಿ ಲ್ಯಾಮಿನೇಟ್ ಹಾಳಾದ್ರೆ ವ್ಯಾಲ್ಯೂ ಬೀಳತ್ತೆ ಕಣೇ."

"ಹಿತ್ತಲಿಗೆ ಬಂದ ಮೇಲೆ ನನ್ನ ವ್ಯಾಲ್ಯೂ ಎಷ್ಟು ಏರಿತು ಅಂತಾನೂ ಒಂದ್ಸಲ ಟೇಪು ಹಿಡಿದು ನೋಡ್ರೀ."

ಬಂದವರ ಕಣ್ಣಿಗೆ ಬೀಳದ ಕೆಲಸಕ್ಕೆ ರಾಯರು ಬಿಡಿಗಾಸು ಬಿಚ್ಚುವುದಿಲ್ಲ. ತಾರಸಿ ಸೋರುತ್ತದೆ, ಸೋರಿದ್ದು ಪಿಒಪಿಯ ಮೇಲೆ ಹಳದಿ ಕಲೆಯಾಗಿ ಇಳಿದರೆ ಅದಕ್ಕೊಂದು ಕೋಟು ಬಿಳಿ ಬಣ್ಣ ಹೊಡೆಸುತ್ತಾರೆ. ವೈರಿಂಗು ಅಪ್ಪನ ಕಾಲದ್ದು. ಗೀಸರ್ ಹಾಕಿದಾಗ ಮಿಕ್ಸಿ ತಿರುಗಿಸುವಂತಿಲ್ಲ. 40x60ರ ಹಳೆಯ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ ಎಂದು ಜಲಮಂಡಳಿ 2009ರಿಂದ ಹೇಳುತ್ತಿದೆ. ರಾಯರು ನೀರಿನ ಬಿಲ್ಲಿನೊಂದಿಗೆ ದಂಡ ಕಟ್ಟುತ್ತಾ ಬಂದಿದ್ದಾರೆ. "ಪೈಪು ನೋಡಿ ಯಾರು ರೀ ವ್ಯಾಲ್ಯೂ ಕಟ್ತಾರೆ?" 2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿದಾಗ ಟ್ಯಾಂಕರಿನವನು ಇವರ ಬಾತ್‌ರೂಮಿನ ಜಕೂಝಿ ನೋಡಿ, ಇದಕ್ಕೆ ಎಷ್ಟು ಲೋಡು ಬೇಕು ಸಾರ್ ಎಂದು ಕೇಳಿದನಂತೆ.

ಇಷ್ಟೆಲ್ಲ ಆದ ಮೇಲೆ, ಸುಮ್ಮನೆ ಮಾರ್ಕೆಟ್ ತಿಳಿದುಕೊಳ್ಳೋಣವೆಂದು ರಾಯರು ಒಬ್ಬ ಬ್ರೋಕರನ್ನು ಕರೆಸಿದರು. ಆತ ಸ್ಕೂಟರಿನಿಂದ ಇಳಿಯಲೂ ಇಲ್ಲ. ಒಂದು ಕಾಲು ನೆಲಕ್ಕೆ ಊರಿ ವಿಚಾರಣೆ ನಡೆಸಿದ.

"ಡೈಮೆನ್ಷನ್?"

"ನಲವತ್ತು ಅರವತ್ತು."

"ಫೇಸಿಂಗು? ರೋಡ್ ಎಷ್ಟಡಿ?"

"ಪೂರ್ವ. ಮೂವತ್ತಡಿ. ಒಳಗೆ ಬನ್ನಿ, ನೆಲ ತೋರಿಸ್ತೀನಿ."

"ಬೇಡಿ ಸಾರ್, ಚಪ್ಪಲಿ ಬಿಚ್ಬೇಕು. ಬಿಲ್ಡಿಂಗಿಗೆ ನಾವು ರೇಟ್ ಹಾಕಲ್ಲ. ತಗೊಳ್ಳೋ ಪಾರ್ಟಿ ಹೊಡೆದು ಸ್ಟಿಲ್ಟ್ ಪ್ಲಸ್ ಫೋರ್ ಎಬ್ಬಿಸ್ತಾರೆ. ಹೊಡೆಯೋ ಖರ್ಚು ಸೈಟ್ ರೇಟಲ್ಲಿ ಕಳೀಬೇಕು. ಇ-ಖಾತಾ ಆಗಿದೆಯಾ?"

ರಾಯರು ತಬ್ಬಿಬ್ಬಾದರು. ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಇ-ಖಾತಾ ಇಲ್ಲದೆ ಈಗ ಬೆಂಗಳೂರಿನಲ್ಲಿ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಅಪ್ಪ ವಿಲ್ ಬರೆಯದೆ ಹೋದವರು. ಅವರ ಸ್ವಂತ ಗಳಿಕೆಯ ಸೈಟಿನಲ್ಲಿ ಇಬ್ಬರು ತಂಗಿಯರಿಗೂ ರಾಯರಷ್ಟೇ ಪಾಲು. ಅವರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ಮೂವತ್ತು ವರ್ಷದ ಹಿಂದೆ ಕೇಳಿದ್ದರೆ ಸೀರೆ ಕುಪ್ಪಸಕ್ಕೆ ಹಾಕಿಬಿಡುತ್ತಿದ್ದರು. ಆದರೆ ಪ್ರತಿ ಗೌರಿ ಹಬ್ಬಕ್ಕೂ ರಾಯರು ಬಾಗಿನದ ಜೊತೆಗೆ ಮನೆಯ ವ್ಯಾಲ್ಯೂ ಎಷ್ಟು ಏರಿತೆಂಬ ವರದಿಯನ್ನೂ ಒಪ್ಪಿಸುತ್ತಾ ಬಂದಿದ್ದರು. ಊರಿನಲ್ಲಿ ಯಾರೂ ನಂಬದ ಆ ಲೆಕ್ಕವನ್ನು ತಂಗಿಯರ ಗಂಡಂದಿರು ಮಾತ್ರ ಅಕ್ಷರಶಃ ನಂಬಿ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಈಗ ಆ ರೇಟಿನಲ್ಲೇ ಪಾಲು ಕೊಡಿ ಎನ್ನುತ್ತಾರೆ.

ಕಡೆಗೆ ರಾಯರು ಆಡಿಟರ್ ಬಳಿ ಹೋದರು. ಮಾರಿದರೆ ಬರುವ ತೆರಿಗೆಯಲ್ಲಾದರೂ ಈ ಖರ್ಚು ಕಳೆಯಬಹುದಲ್ಲ ಎಂಬ ಆಸೆ. (ಖರ್ಚು ಎಂದು ಅವರೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.) ಆಡಿಟರು ಬೆರಳು ಮಡಿಸಿದರು. 2001ರ ಏಪ್ರಿಲ್ 1ಕ್ಕಿಂತ ಮುಂಚಿನ ಸುಧಾರಣೆಯ ವೆಚ್ಚ ಲೆಕ್ಕಕ್ಕಿಲ್ಲ, ಮೊಸಾಯಿಕ್ ಹೋಯಿತು. ಸುಣ್ಣಬಣ್ಣ, ಸಣ್ಣಪುಟ್ಟ ರಿಪೇರಿ ಸುಧಾರಣೆಯಲ್ಲ, ಅದೂ ಹೋಯಿತು. ಆಮೇಲಿನ ದೊಡ್ಡ ಕೆಲಸಗಳಿಗೆ ಬಿಲ್ಲು ತೋರಿಸಬೇಕು. ರಾಯರು ಚೀಲದಿಂದ ಕಂತೆ ತೆಗೆದರು. ಅದರಲ್ಲಿದ್ದದ್ದು ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ ಮೇಸ್ತ್ರಿ ಪೆನ್ಸಿಲಿನಲ್ಲಿ ಬರೆದ ಮೊತ್ತಗಳು. ಆಡಿಟರು ಅವನ್ನು ಗೌರವದಿಂದಲೇ ಹಿಂದಕ್ಕೆ ಕೊಟ್ಟರು.

ರಾಯರೇನೂ ಕುಗ್ಗಿಲ್ಲ. ಮೊನ್ನೆ ಗೇಟಿನ ಹತ್ತಿರ ಸಿಕ್ಕಾಗ, ಟೆರೇಸಿನ ಮೇಲೆ ಪರ್ಗೋಲಾ ಹಾಕಿಸುವ ವಿಚಾರ ಹೇಳುತ್ತಿದ್ದರು. "ಹತ್ತು" ಎಂದು ಬೇರೆ ಸೇರಿಸಿದರು.

ಮನೆಯನ್ನು ಚಂದ ಮಾಡಿಕೊಳ್ಳುವುದು ತಪ್ಪಲ್ಲ. ಇರುವಷ್ಟು ದಿನ ಇರುವವರಿಗೆ ಸುಖವಾದರೆ ಹಾಕಿದ ದುಡ್ಡು ವಸೂಲಾದಂತೆಯೇ. ಬೆಲೆ ಏರಿಸಲೇಬೇಕು ಎನ್ನುವವರು ಮಾತ್ರ ಮೊದಲು ಖಾತೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅಕ್ಕತಂಗಿಯರ ಋಣ ನ್ಯಾಯವಾಗಿ ತೀರಿಸಿ. ತಾರಸಿಯ ಸೋರಿಕೆ ನಿಲ್ಲಿಸಿ, ವೈರಿಂಗ್ ಬದಲಿಸಿ, ಮಳೆನೀರಿಗೊಂದು ದಾರಿ ಮಾಡಿ, ಬಿಲ್ಲುಗಳನ್ನು ಜೋಪಾನವಾಗಿಡಿ. ಇಷ್ಟಾದ ಮೇಲೂ ಕೈಯಲ್ಲಿ ದುಡ್ಡು ಉಳಿದಿದ್ದರೆ ಒಗ್ಗರಣೆ ಹಾಕುವವರನ್ನು ಕೇಳಿ, ಅವರು ಹೇಳಿದ್ದನ್ನು ಮಾಡಿಸಿ.